ಜಲಾಂತರ್ಗಾಮಿ ಹುಡುಕುವ ವಿಮಾನಕ್ಕೆ ಬೆಟ್ಟದ ಮೇಲೇನು ಕೆಲಸ?

ಪ್ರಶ್ನೆ: 2020ರಲ್ಲಿ ಲಡಾಖ್ ಗಡಿ ಬಿಸಿಯಾಗಿದ್ದಾಗ ನೌಕಾಪಡೆಯ ಪಿ-8ಐ ವಿಮಾನಗಳನ್ನು ಅಲ್ಲಿಗೆ ಕಳಿಸಿದ್ದರು ಎಂದು ಓದಿದೆ. ಸಮುದ್ರದಲ್ಲಿ ಜಲಾಂತರ್ಗಾಮಿ ಹುಡುಕುವ ವಿಮಾನ ಬೆಟ್ಟಗಳ ನಡುವೆ ಏನು ನೋಡುತ್ತದೆ? ಬೇರೆ ದೇಶಗಳೂ ಹೀಗೆ ಮಾಡುತ್ತವೆಯೇ? ಈ ಕೆಲಸಕ್ಕೆ ಡ್ರೋನ್ ಸಾಲದೇ?

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೆಲದ ಮೇಲೂ ಈ ವಿಮಾನ ಚೆನ್ನಾಗಿಯೇ ನೋಡುತ್ತದೆ. ಬೇರೆ ದೇಶಗಳು ಐವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಇದನ್ನೇ ಮಾಡಿಕೊಂಡು ಬಂದಿವೆ. ಆದರೆ ಕೆಳಗಿರುವವರ ಬಳಿ ಇದನ್ನು ಹೊಡೆಯುವ ಆಯುಧ ಇರಬಾರದು. ಇದ್ದರೆ ಅದಕ್ಕೆ ಎಟುಕದಷ್ಟು ದೂರದಲ್ಲಿ ಸುತ್ತಲು ಜಾಗ ಇರಬೇಕು. ಇನ್ನೊಂದು ಮಾತು: ಈ ವಿಮಾನ ಬೆಟ್ಟದ ಮೇಲೆ ಕಳೆದ ಗಂಟೆಗಳೆಲ್ಲ ಸಮುದ್ರದ ಲೆಕ್ಕದಿಂದ ಕಳೆದುಹೋದ ಗಂಟೆಗಳು. ಸುದ್ದಿಗಳಲ್ಲಿ ಈ ಎರಡನೇ ವಿಷಯ ಹೆಚ್ಚಾಗಿ ಬರುವುದಿಲ್ಲ.

ಈ ವಿಮಾನವನ್ನು ಯಾವ ಕೆಲಸಕ್ಕಾಗಿ ಮಾಡಿದ್ದಾರೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಜಲಾಂತರ್ಗಾಮಿ ಹುಡುಕುವುದು ತಾಳ್ಮೆಯ ಕೆಲಸ. ದಡದಿಂದ ಸಾವಿರಾರು ಕಿಲೋಮೀಟರ್ ದೂರ ಹೋಗಬೇಕು, ಅಲ್ಲೇ ಗಂಟೆಗಟ್ಟಲೆ ಸುತ್ತಬೇಕು, ಆಮೇಲೆ ವಾಪಸ್ ಬರಲು ಇಂಧನ ಉಳಿದಿರಬೇಕು. ನೀರಿನಿಂದ ಕ್ಷಣಮಾತ್ರ ಮೇಲೆ ಬಂದು ಹೋಗುವ ಪೆರಿಸ್ಕೋಪನ್ನು ಅಲೆಗಳ ನಡುವೆ ಹಿಡಿಯುವ ರೇಡಾರ್ ಬೇಕು. ಹಗಲು ರಾತ್ರಿ ಎರಡಕ್ಕೂ ಆಗುವ ಕ್ಯಾಮೆರಾ ಬೇಕು. ಬೇರೆಯವರ ರೇಡಾರ್ ಸಂಕೇತಗಳನ್ನು ಹಿಡಿಯುವ ಉಪಕರಣ ಬೇಕು. ಇವೆಲ್ಲದರ ಮುಂದೆ ಕುಳಿತು ಯೋಚಿಸುವ ಜನ ಬೇಕು. ಅಮೆರಿಕದ ಹಳೆಯ ಗಸ್ತು ವಿಮಾನ ಪಿ-3 ಒರಾಯನ್‌ನಲ್ಲಿ ಸಾಮಾನ್ಯವಾಗಿ ಹತ್ತು ಹನ್ನೊಂದು ಮಂದಿ ಇರುತ್ತಿದ್ದರು. 1962ರಲ್ಲಿ ಸೇವೆಗೆ ಬಂದ ಆ ವಿಮಾನಕ್ಕೆ ನಾಲ್ಕು ಟರ್ಬೊಪ್ರಾಪ್ ಎಂಜಿನ್. ಜಾಗ ತಲುಪಿದ ಮೇಲೆ ಒಂದು ಎಂಜಿನ್ ಆರಿಸಿ ಇಂಧನ ಉಳಿಸುವುದು ಅದರ ಸಿಬ್ಬಂದಿಗೆ ದಿನನಿತ್ಯದ ಅಭ್ಯಾಸ.

ಈ ಪಟ್ಟಿಯಲ್ಲಿ ನೀರಿಗೆ ಮಾತ್ರ ಸೇರಿದ್ದು ಎಷ್ಟಿದೆ ನೋಡಿ. ನೀರಿಗೆ ಎಸೆದು ಸದ್ದು ಕೇಳುವ ಸೋನೋಬಾಯ್‌ಗಳು, ಟಾರ್ಪೆಡೊ, ಕಬ್ಬಿಣದ ರಾಶಿ ಪತ್ತೆ ಮಾಡುವ ಕಾಂತೀಯ ಸಾಧನ, ಅಷ್ಟೇ. ಉಳಿದದ್ದೆಲ್ಲ ನೆಲದ ಮೇಲೂ ನಡೆಯುತ್ತದೆ. ಯುದ್ಧವಿಮಾನ ಒಂದು ಕಣಿವೆಯ ಮೇಲೆ ಕೆಲವೇ ನಿಮಿಷ ಇರಬಲ್ಲದು. ಉಪಗ್ರಹ ತನ್ನ ಹೊತ್ತಿಗೆ ಬಂದು ತನ್ನ ಪಾಡಿಗೆ ಹೋಗುತ್ತದೆ. ಗಸ್ತು ವಿಮಾನ ಮಾತ್ರ ಅಲ್ಲೇ ಸುತ್ತುತ್ತಾ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಹೊರಟ ಲಾರಿ ಎರಡು ಗಂಟೆಗೆ ಯಾವ ಗೇಟಿನೊಳಗೆ ಹೋಯಿತು ಎಂದು ಅದು ಹೇಳಬಲ್ಲದು. ಭೂಸೇನೆಗೆ ಬೇಕಾಗಿರುವುದು ಬರೀ ಒಂದು ಫೋಟೊ ಅಲ್ಲ. ಈ ಥರದ ಸುದ್ದಿ.

ಸೋನೋಬಾಯ್ ನೆಲಕ್ಕೆ ಆಗುವುದಿಲ್ಲ ಎಂದೆ ಅಲ್ವಾ? ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು ಅದನ್ನೂ ನೆಲಕ್ಕೆ ಇಳಿಸಿದರು. ಲಾವೋಸ್ ಕಾಡಿನೊಳಗಿನ ಹೋ ಚಿ ಮಿನ್ ದಾರಿಯಲ್ಲಿ ರಾತ್ರಿ ಉತ್ತರ ವಿಯೆಟ್ನಾಂನ ಲಾರಿಗಳು ಓಡುತ್ತಿದ್ದವು. ಮೇಲಿನಿಂದ ನೋಡಿದರೆ ಮರಗಳು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆಗ ನೌಕಾಪಡೆಯ ಸೋನೋಬಾಯನ್ನೇ ಮಾರ್ಪಡಿಸಿ, ಪ್ಯಾರಾಚೂಟ್ ಸಮೇತ ಕಾಡಿನ ಮೇಲೆ ಎಸೆದರು. ಪ್ಯಾರಾಚೂಟ್ ಕೊಂಬೆಗೆ ಸಿಕ್ಕಿಕೊಂಡು ಅದು ಮರದಲ್ಲೇ ನೇತಾಡುತ್ತಿತ್ತು. ಕೆಳಗೆ ಲಾರಿ ಸದ್ದಾದರೆ ರೇಡಿಯೊದಲ್ಲಿ ಹೇಳುತ್ತಿತ್ತು. ಇವನ್ನು ಎಸೆಯಲು ಹೋದದ್ದು ನೆಪ್ಚೂನ್ ಎಂಬ ಹಳೆಯ ಕಡಲ ಗಸ್ತು ವಿಮಾನಗಳು. ವಿಒ-67 ಎಂಬ ಸ್ಕ್ವಾಡ್ರನ್ 1967ರ ಕೊನೆಯಿಂದ 1968ರ ಮಧ್ಯದವರೆಗೆ ಥಾಯ್ಲೆಂಡಿನ ನಖೋನ್ ಫನೋಮ್ ನೆಲೆಯಿಂದ ಈ ಕೆಲಸ ಮಾಡಿತು. ಸರಿಯಾದ ಜಾಗಕ್ಕೆ ಬೀಳಬೇಕೆಂದರೆ ನಿಧಾನವಾಗಿ, ತಗ್ಗಿನಲ್ಲಿ ಹಾರಲೇಬೇಕು. ವಿಮಾನಗಳೋ ದೊಡ್ಡವು, ದಪ್ಪನೆಯವು. ಕೆಲವೇ ತಿಂಗಳಲ್ಲಿ ಮೂರು ವಿಮಾನ ಹೋದವು, 20 ಮಂದಿ ಸತ್ತರು. ಮೇಲೆ ಹೇಳಿದ ಷರತ್ತಿಗೆ ಇಷ್ಟು ಸ್ಪಷ್ಟವಾದ ಪಾಠ ಬೇರೆ ಸಿಗಲಿಕ್ಕಿಲ್ಲ.

ಫ್ರೆಂಚರ ಕಥೆ ಬೇರೆ. ಅವರು ಇದನ್ನು ಮರುಭೂಮಿಯಲ್ಲಿ ಕಲಿತರು. 1977ರಲ್ಲಿ ಮಾರಿಟೇನಿಯಾದಲ್ಲಿ, ಪಶ್ಚಿಮ ಸಹಾರಾದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಪೊಲಿಸಾರಿಯೊ ಗುಂಪಿನವರು ಲ್ಯಾಂಡ್ ರೋವರ್‌ಗಳಲ್ಲಿ ಸಾಲಾಗಿ ಬಂದು ದಾಳಿ ಮಾಡಿ ಹೋಗುತ್ತಿದ್ದರು. ಫ್ರೆಂಚ್ ನೌಕಾಪಡೆಯ ಅಟ್ಲಾಂಟಿಕ್ ಎಂಬ ಕಡಲ ಗಸ್ತು ವಿಮಾನಗಳು ಸೆನೆಗಲ್ ದೇಶದ ಡಾಕರ್‌ನಿಂದ ಹಾರಿ ಆ ಸಾಲುಗಳನ್ನು ಹಿಂಬಾಲಿಸಿದವು. ಜಾಗ್ವಾರ್ ಯುದ್ಧವಿಮಾನಗಳು ಬಂದು ಹೊಡೆದವು. ಯೋಚಿಸಿದರೆ ಇದು ಸಹಜವೇ. ಮರುಭೂಮಿ ಬಹುಮಟ್ಟಿಗೆ ಸಮುದ್ರದ ಹಾಗೇ ಇರುತ್ತದೆ. ವಿಶಾಲ, ಖಾಲಿ, ಅಡ್ಡ ಏನೂ ಇಲ್ಲ. ಅಲ್ಲಿ ಚಲಿಸುವ ವಸ್ತು ಎದ್ದು ಕಾಣುತ್ತದೆ. 2013ರಲ್ಲಿ ಮಾಲಿಯಲ್ಲಿ ಫ್ರಾನ್ಸ್ ಕಾರ್ಯಾಚರಣೆಗೆ ಇಳಿದಾಗ ಮತ್ತೆ ಡಾಕರ್‌ನಿಂದಲೇ ಅಟ್ಲಾಂಟಿಕ್-2 ವಿಮಾನಗಳು ಹಾರಿದವು. ಆ ಹೊತ್ತಿಗೆ ಅವು ಬರೀ ನೋಡುವ ವಿಮಾನಗಳಾಗಿ ಉಳಿದಿರಲಿಲ್ಲ. ಲೇಸರ್ ಗುರಿ ಹಿಡಿದು ಬೀಳುವ ಬಾಂಬುಗಳನ್ನೂ ಹೊರುತ್ತಿದ್ದವು.

ಉಳಿದವರನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಪಿ-3ಗಳು 1990ರ ದಶಕದಲ್ಲಿ ಬೋಸ್ನಿಯಾ ಮೇಲೆ ಹಾರಿದವು. 1999ರ ಕೊಸೊವೊ ಯುದ್ಧದಲ್ಲಿ ನೆಲದ ಗುರಿಗಳಿಗೆ ಕ್ಷಿಪಣಿಯನ್ನೂ ಹಾರಿಸಿದವು. ಆಮೇಲೆ ಅಫ್ಘಾನಿಸ್ತಾನ, ಇರಾಕ್. ಆಸ್ಟ್ರೇಲಿಯಾದ ಎಪಿ-3ಸಿ ವಿಮಾನಗಳು 2003ರಿಂದ 2012ರವರೆಗೆ ಮಧ್ಯಪ್ರಾಚ್ಯದಲ್ಲೇ ಬೀಡುಬಿಟ್ಟಿದ್ದವು. 2017ರಲ್ಲಿ ಫಿಲಿಪ್ಪೀನ್ಸ್‌ನ ಮರಾವಿ ನಗರದಲ್ಲಿ ಉಗ್ರರು ಸೇರಿಕೊಂಡಾಗ ನೆರವಿಗೆ ಹೋದವೂ ಅವೇ. ಕೆನಡಾದ ಅರೋರಾ ವಿಮಾನಗಳು 2011ರಲ್ಲಿ ಲಿಬಿಯಾ, 2014ರಿಂದ ಕುವೈತ್‌ನಲ್ಲಿದ್ದುಕೊಂಡು ಇರಾಕ್ ಮತ್ತು ಸಿರಿಯಾ ನೋಡಿದವು. ಬ್ರಿಟನ್ನಿನ ನಿಮ್ರಾಡ್ ಬಗ್ಗೆ ಮುಂದೆ ಹೇಳುತ್ತೇನೆ. ಅದನ್ನು ಒಂದೇ ಸಾಲಿನಲ್ಲಿ ಮುಗಿಸುವುದು ಸರಿಯಲ್ಲ.

ಈಗ ರೇಡಾರ್ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ.

ಸಮುದ್ರದಲ್ಲಿ ಹಡಗು ಒಂಟಿ. ಸುತ್ತ ನೀರು ಬಿಟ್ಟರೆ ಬೇರೆ ಏನೂ ಇಲ್ಲ. ಅಲೆಗಳಿಂದ ಸ್ವಲ್ಪ ಗದ್ದಲ ಬರುತ್ತದೆ, ಅದನ್ನು ಸೋಸುವುದು ಹೇಗೆಂದು ಈ ರೇಡಾರ್‌ಗಳಿಗೆ ಗೊತ್ತು. ಹಡಗು ಅಲೆಗೆ ಓಲಾಡುತ್ತದಲ್ಲ, ಆ ಓಲಾಟವನ್ನೇ ಬಳಸಿ ದೂರದಿಂದಲೇ ಹಡಗಿನ ಆಕಾರ ಬಿಡಿಸುವ ವಿಧಾನವೂ ಇದೆ. ನೆಲದ ಮೇಲೆ ಇದಾವುದೂ ನಡೆಯುವುದಿಲ್ಲ. ಬಂಡೆ, ಮನೆ, ಮರ, ಬೇಲಿ ಎಲ್ಲವೂ ಪ್ರತಿಧ್ವನಿ ಕೊಡುತ್ತವೆ. ನಿಂತ ಟ್ಯಾಂಕಿಗೂ ಪಕ್ಕದ ಬಂಡೆಗೂ ಸಾಮಾನ್ಯ ರೇಡಾರ್ ಪರದೆಯ ಮೇಲೆ ವ್ಯತ್ಯಾಸ ಇಲ್ಲ.

ಹಾಗಾಗಿ ನೆಲಕ್ಕೆ ಎರಡು ಬೇರೆ ಉಪಾಯ ಬೇಕು. ಮೊದಲನೆಯದು ನಿಂತ ವಸ್ತುಗಳಿಗೆ. ವಿಮಾನ ನೇರ ಗೆರೆಯಲ್ಲಿ ಹಾರುತ್ತಾ ಒಂದೇ ಜಾಗಕ್ಕೆ ಮತ್ತೆ ಮತ್ತೆ ರೇಡಾರ್ ಅಲೆ ಕಳಿಸುತ್ತದೆ. ಬಂದ ಉತ್ತರಗಳನ್ನೆಲ್ಲ ಕಂಪ್ಯೂಟರ್ ಕೂಡಿಸುತ್ತದೆ. ಆಗ ವಿಮಾನ ಸಾಗಿದ ದೂರದಷ್ಟು ಉದ್ದದ ಆಂಟೆನಾ ಇದ್ದ ಹಾಗೆ ಲೆಕ್ಕ. ಮೋಡ ಇರಲಿ, ಕತ್ತಲಿರಲಿ, ಫೋಟೊದಂಥ ಚಿತ್ರ ಸಿಗುತ್ತದೆ. ಇದರ ಹೆಸರು ಸಾರ್, ಅಂದರೆ ಸಿಂಥೆಟಿಕ್ ಅಪರ್ಚರ್ ರೇಡಾರ್. ಪಿ-8 (ನಮ್ಮ ಪಿ-8ಐ ಇದರದ್ದೇ ಭಾರತದ ರೂಪ) ವಿಮಾನದ ಮೂತಿಯಲ್ಲಿರುವ ಎಪಿವೈ-10 ರೇಡಾರ್‌ಗೆ ಇದು ಬರುತ್ತದೆ. ನಿನ್ನೆ ಇಲ್ಲದ ಬಂಕರ್, ಹೊಸ ರಸ್ತೆ, ಸಾಲಾಗಿ ನಿಂತ ವಾಹನಗಳು, ಇವನ್ನು ಹಿಡಿಯಲು ಇದು ಒಳ್ಳೆಯದು.

ಎರಡನೆಯದು ಓಡುವ ವಾಹನಗಳಿಗೆ. ಇದು ಕಷ್ಟ. ಚಲಿಸುವ ವಸ್ತುವಿನಿಂದ ಬರುವ ಅಲೆಯ ಆವರ್ತನ ಸ್ವಲ್ಪ ಬದಲಾಗುತ್ತದೆ, ಅದನ್ನು ನೋಡಿ ವಾಹನ ಓಡುತ್ತಿದೆ ಎಂದು ತಿಳಿಯಬೇಕು. ಆದರೆ ವಿಮಾನವೇ ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದಲ್ಲ! ಅದರ ಕಣ್ಣಿಗೆ ನೆಲವೆಲ್ಲ ಓಡುತ್ತಿದ್ದ ಹಾಗೆಯೇ. ಆ ಗದ್ದಲದಲ್ಲಿ ನಿಧಾನವಾಗಿ ಬೆಟ್ಟ ಹತ್ತುವ ಲಾರಿ ಮುಚ್ಚಿಹೋಗುತ್ತದೆ. ಬೇರ್ಪಡಿಸಬೇಕೆಂದರೆ ರೇಡಾರ್ ಕಿರಣ ಸಪುರವಾಗಿರಬೇಕು. ಕಿರಣ ಸಪುರವಾಗಬೇಕೆಂದರೆ ಆಂಟೆನಾ ಉದ್ದವಾಗಿರಬೇಕು. ಇದೇ ಕೆಲಸಕ್ಕೆಂದು ಕಟ್ಟಿದ ಅಮೆರಿಕದ ಜೆ-ಸ್ಟಾರ್ಸ್ ವಿಮಾನದ ಹೊಟ್ಟೆಯಡಿ 24 ಅಡಿ ಉದ್ದದ ಆಂಟೆನಾ ಇತ್ತು. ಗಸ್ತು ವಿಮಾನದ ಮೂತಿಯೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಅದಕ್ಕೇ ಅಮೆರಿಕ ತನ್ನ ಕೆಲವು ಪಿ-3ಗಳ ಹೊಟ್ಟೆಗೆ ದೋಣಿಯಂಥ ಉದ್ದನೆಯ ರೇಡಾರ್ ಕಟ್ಟಿತು. ಪಿ-8ಕ್ಕೂ ಅಂಥದ್ದೇ ಹೊಸದನ್ನು ಮಾಡಿಕೊಂಡಿತು. ಭೂಮಿಯ ಮೇಲೆ ಬಳಸುವುದು ಆಪತ್ಕಾಲದ ಉಪಾಯ ಎಂದು ಅವರು ಭಾವಿಸಿರಲಿಲ್ಲ ಎನ್ನುವುದಕ್ಕೆ ನನಗೆ ಇದೇ ಸಾಕ್ಷಿ.

ಬೆಟ್ಟ ಇದ್ದರೆ ಇನ್ನೊಂದು ತಲೆನೋವು. ಬಯಲಿನಲ್ಲಿ 30,000 ಅಡಿ ಎತ್ತರದಿಂದ ರೇಡಾರ್‌ಗೆ ದಿಗಂತ ಸುಮಾರು 390 ಕಿ.ಮೀ. ದೂರ. ಕಾಗದದ ಮೇಲೆ ಈ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಲಡಾಖ್‌ನಂಥ ಕಡೆ ಸುಮ್ನೆ ಒಂದು ಲೆಕ್ಕ ಹಾಕಿ. ಕಣಿವೆಯ ನೆಲ 14,000 ಅಡಿ. ವಿಮಾನ 35,000 ಅಡಿಯಲ್ಲಿದೆ. ಅಂದರೆ ನೆಲದಿಂದ ಮೇಲೆ ಇರುವುದು 21,000 ಅಡಿ ಮಾತ್ರ. 100 ಕಿ.ಮೀ. ಆಚೆ, ಕಣಿವೆಗಿಂತ 4,000 ಅಡಿ ಎತ್ತರದ ಒಂದು ದಿಣ್ಣೆ ಅಡ್ಡ ಇದೆ ಎಂದುಕೊಳ್ಳಿ. ಟಾರ್ಚನ್ನು ನೆಲಕ್ಕೆ ಹತ್ತಿರ ಹಿಡಿದರೆ ಸಣ್ಣ ಕಲ್ಲಿಗೂ ಉದ್ದ ನೆರಳು ಬೀಳುವ ಹಾಗೆ, ಆ ದಿಣ್ಣೆಯ ಹಿಂದೆ 20 ಕಿ.ಮೀ.ಗೂ ಜಾಸ್ತಿ ಜಾಗ ರೇಡಾರ್‌ಗೆ ಕಾಣುವುದೇ ಇಲ್ಲ. ಅಷ್ಟರಲ್ಲಿ ಒಂದು ಬ್ರಿಗೇಡ್ ಅಡಗಿ ಕೂರಬಹುದು. ಇದಕ್ಕೆ ಮದ್ದು ಏನೆಂದರೆ ಜಾಗ ಬದಲಿಸಿ ಬೇರೆ ಕೋನದಿಂದ ನೋಡುವುದು, ಇಲ್ಲವೇ ಕಣಿವೆಯ ಬಾಯಿ ತೆರೆದಿರುವ ದಿಕ್ಕಿಗೆ ಹೋಗಿ ಕಾಯುವುದು. ವಿಮಾನ ಬಹಳ ಹೊತ್ತು ಹಾರಬಲ್ಲದು ಎಂಬುದು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಎತ್ತರದ ಲೆಕ್ಕ ಸುರಕ್ಷತೆಯನ್ನೂ ಬದಲಿಸುತ್ತದೆ. ಹೆಗಲ ಮೇಲಿಟ್ಟು ಹಾರಿಸುವ ಇಗ್ಲಾದಂಥ ಕ್ಷಿಪಣಿ ಸುಮಾರು 3,500 ಮೀಟರ್, ಅಂದರೆ 11,500 ಅಡಿ ಮೇಲಕ್ಕೆ ಹೋಗುತ್ತದೆ. ಸಮುದ್ರಮಟ್ಟದಿಂದ ಹಾರಿಸಿದರೆ ಎತ್ತರದಲ್ಲಿರುವ ವಿಮಾನ ಅದಕ್ಕೆ ಹೆದರಬೇಕಿಲ್ಲ. 18,000 ಅಡಿಯ ದಿಣ್ಣೆಯ ಮೇಲೆ ನಿಂತ ಸೈನಿಕ ಅದನ್ನು ಹಾರಿಸಿದರೆ? 29,000 ಅಡಿ ದಾಟಿತು. ಪಿ-3 ಹಾರಬಲ್ಲ ಗರಿಷ್ಠ ಎತ್ತರ ಸುಮಾರು 28,300 ಅಡಿ. ಪಿ-8 ಮಾತ್ರ 41,000 ಅಡಿಯವರೆಗೆ ಹೋಗುತ್ತದೆ. ಬೋಯಿಂಗ್ 737 ಪ್ರಯಾಣಿಕ ವಿಮಾನದ ಒಡಲಿನಿಂದಲೇ ಅದನ್ನು ಮಾಡಿರುವುದು. ಜೆಟ್ ಆಗಿರುವುದರಿಂದ ತಗ್ಗಿನಲ್ಲಿ ಹಾರಿದರೆ ಇಂಧನ ಜಾಸ್ತಿ ಕುಡಿಯುತ್ತದೆ ಎಂದು ಅದು ಬಂದ ಹೊಸದರಲ್ಲಿ ಬೈದವರು ಬಹಳ ಮಂದಿ. ಎತ್ತರದ ಗಡಿಯಲ್ಲಿ ಅದೇ ಜೆಟ್ ಗುಣ ಉಪಯೋಗಕ್ಕೆ ಬಂತು.

ದೂರದ ವಿಷಯದಲ್ಲೂ ಹಾಗೇ. ಭಾರತದ ಪಿ-8ಐಗಳ ಮೊದಲ ಮನೆ ತಮಿಳುನಾಡಿನ ಅರಕ್ಕೋಣಂನಲ್ಲಿರುವ ಐಎನ್‌ಎಸ್ ರಾಜಾಳಿ. 2013ರಲ್ಲಿ ಮೊದಲ ವಿಮಾನ ಅಲ್ಲಿಗೇ ಬಂತು. ಮೊದಲು ಎಂಟು, ಆಮೇಲೆ ನಾಲ್ಕು, ಒಟ್ಟು ಹನ್ನೆರಡು. ಅಲ್ಲಿಂದ ಲೇಹ್‌ಗೆ ನೇರ ಗೆರೆಯಲ್ಲಿ ಸುಮಾರು 2,350 ಕಿ.ಮೀ. ಆಗುತ್ತದೆ. ಪಿ-8ರ ಲೆಕ್ಕವೇ ಸುಮಾರು 2,200 ಕಿ.ಮೀ. ದೂರ ಹೋಗಿ, ನಾಲ್ಕು ಗಂಟೆ ಅಲ್ಲಿದ್ದು, ವಾಪಸ್ ಬರುವುದು. ಅಂದರೆ ಚೆನ್ನೈ ಪಕ್ಕದಿಂದ ಹೊರಟರೂ ಲಡಾಖ್ ಅದರ ಕೈಗೆ ಹೆಚ್ಚುಕಡಿಮೆ ಎಟುಕುತ್ತದೆ. ಉತ್ತರದ ನೆಲೆಗಳಿಂದ ಹಾರಿದರೆ ಇನ್ನೂ ಆರಾಮ. 2020ಕ್ಕೆ ಮುಂಚೆಯೂ, 2017ರ ಡೋಕ್ಲಾಮ್ ಬಿಕ್ಕಟ್ಟಿನಲ್ಲಿ ಮತ್ತು 2019ರ ಪುಲ್ವಾಮಾ ದಾಳಿಯ ನಂತರ, ಇವನ್ನು ನೆಲದ ಮೇಲಿನ ಕಣ್ಗಾವಲಿಗೆ ಬಳಸಿದ್ದರು. ಗಡಿ ದಾಟುವ ಅಗತ್ಯವೇ ಇಲ್ಲ ಎಂಬುದು ಇಲ್ಲಿನ ಮುಖ್ಯ ಅನುಕೂಲ. ನಮ್ಮ ಕಡೆಯ ಆಕಾಶದಲ್ಲೇ ಗಡಿಗೆ ಸಮಾನಾಂತರವಾಗಿ ಹಾರುತ್ತಾ ಓರೆಗಣ್ಣಿನಿಂದ ಆಚೆ ನೋಡಬಹುದು.

ಗಡಿ ಎಂದ ಕೂಡಲೇ ಕಾನೂನಿನ ಮಾತೂ ಬರುತ್ತದೆ. ಸಮುದ್ರದಲ್ಲಿ ದಡದಿಂದ 12 ನಾಟಿಕಲ್ ಮೈಲಿ ದಾಟಿದರೆ ಆಕಾಶ ಎಲ್ಲರದ್ದು. ಯಾರ ಹಡಗಿನ ಸಮೀಪ ಸುತ್ತಿದರೂ ಕೇಳುವಂತಿಲ್ಲ. ನೆಲದ ಮೇಲೆ ಗೆರೆ ಎಂದರೆ ಗೆರೆ. ಭಾರತ ಮತ್ತು ಪಾಕಿಸ್ತಾನ 1991ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಯುದ್ಧವಿಮಾನ ಮತ್ತು ಬೇಹುಗಾರಿಕೆ ವಿಮಾನಗಳು ಗಡಿಯಿಂದ 10 ಕಿ.ಮೀ. ಒಳಗೆ ಬರುವಂತಿಲ್ಲ. 1999ರ ಆಗಸ್ಟ್ 10ರಂದು, ಕಾರ್ಗಿಲ್ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಕಛ್‌ನ ರಣ್ ಪ್ರದೇಶದಲ್ಲಿ ಭಾರತದ ಮಿಗ್-21 ಹೊಡೆದುರುಳಿಸಿತು. ಅದರಲ್ಲಿದ್ದ 16 ಮಂದಿಯೂ ಸತ್ತರು. ವಿಮಾನ ಗೆರೆಯ ಯಾವ ಕಡೆ ಇತ್ತು ಎಂಬ ಜಗಳ ಎರಡೂ ದೇಶಗಳ ನಡುವೆ ಆಮೇಲೂ ನಡೆಯಿತು. ನಾವು ಗಮನಿಸಬೇಕಾದ್ದು ಬೇರೆ: ಇಂಥ ವಿಮಾನಕ್ಕೆ ಒಂದು ಮಿಗ್-21 ಸಾಕು. ಇದು ತಿರುಗಿ ಓಡಲಾರದು, ಅಡಗಲಾರದು. ಎದುರಾಳಿಗೆ ಯುದ್ಧವಿಮಾನ ಇದ್ದರೆ ಇದಕ್ಕೆ ಕಾವಲು ವಿಮಾನ ಬೇಕೇ ಬೇಕು.

ಯಂತ್ರಕ್ಕಿಂತ ಜನರನ್ನು ಬದಲಿಸುವುದು ಕಷ್ಟ. ಸಮುದ್ರಕ್ಕೆ ತರಬೇತಿ ಪಡೆದ ಆಪರೇಟರ್ ಹಡಗಿನ ನೆರಳು ನೋಡಿ ಹೆಸರು ಹೇಳಬಲ್ಲ. ಅವನಿಗೆ ಒಂದು ಬಗೆಯ ಸೇನಾ ಲಾರಿಗೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಿರಬೇಕಿಲ್ಲ. ಸಂತೆಗೆ ಸೇರಿದ ಜನ ಯಾರು, ದಾಳಿಗೆ ಸೇರಿದ ಜನ ಯಾರು ಎಂದು ಕ್ಯಾಮೆರಾದಲ್ಲಿ ನೋಡಿ ಹೇಳುವುದು ಬೇರೆಯೇ ವಿದ್ಯೆ. ತಪ್ಪಿದರೆ ಅಮಾಯಕರು ಸಾಯುತ್ತಾರೆ. ನೆಲದಲ್ಲಿರುವ ತುಕಡಿಯ ಜತೆ ಅವರ ರೇಡಿಯೊದಲ್ಲಿ, ಅವರ ನಕ್ಷೆಯ ಗುರುತುಗಳಲ್ಲಿ ಮಾತಾಡಬೇಕು. ವಿಮಾನದ ಕ್ಯಾಮೆರಾ ಚಿತ್ರ ಅವರ ಕೈಯಲ್ಲಿರುವ ಪರದೆಗೂ ಬರಬೇಕು. ಇಲ್ಲದಿದ್ದರೆ ಮೇಲಿದ್ದವನು ಕಂಡದ್ದನ್ನು ಬಾಯಲ್ಲಿ ವರ್ಣಿಸುತ್ತಾ ಕೂರಬೇಕಾಗುತ್ತದೆ. ನನ್ನನ್ನು ಕೇಳಿದರೆ, ಮೊದಲು ಹಣ ಹಾಕಬೇಕಾದ್ದು ಈ ಸಂಪರ್ಕಕ್ಕೆ. ಹೊಸ ಕ್ಯಾಮೆರಾ ಆಮೇಲೆ ತಂದರೂ ನಡೆಯುತ್ತದೆ. ಭೂಸೇನೆಯ ಒಬ್ಬ ಅಧಿಕಾರಿಯನ್ನು ವಿಮಾನದಲ್ಲೇ ಕೂರಿಸಿಕೊಂಡು ಹೋಗುವುದು ಹಳೆಯ ಉಪಾಯ. ಅಗ್ಗದ್ದು, ಆದರೆ ತುಂಬಾ ಕೆಲಸ ಮಾಡುತ್ತದೆ.

ಇನ್ನು ಬೆಲೆ. ನಿಮ್ರಾಡ್ ಕಥೆ ಇಲ್ಲಿ ಬರುತ್ತದೆ. ಬ್ರಿಟನ್ನಿನ ಈ ಕಡಲ ಗಸ್ತು ವಿಮಾನಕ್ಕೆ ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುವ ವ್ಯವಸ್ಥೆಯನ್ನು 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಅವಸರದಲ್ಲಿ ಜೋಡಿಸಿದ್ದರು. ಆಮೇಲೆ ಅದನ್ನೇ ಕಾಯಂ ಮಾಡಿದರು. ಅಫ್ಘಾನಿಸ್ತಾನದಲ್ಲಿ ನೆಲದ ಸೈನಿಕರಿಗೆ ಕಣ್ಣಾಗಿ ಗಂಟೆಗಟ್ಟಲೆ ಸುತ್ತಬೇಕಾಗಿ ಬಂದಾಗ ಅದರ ಬಳಕೆ ಹೆಚ್ಚಿತು. 2006ರ ಸೆಪ್ಟೆಂಬರ್ 2ರಂದು ಕಂದಹಾರ್ ಹತ್ತಿರ ಎಕ್ಸ್‌ವಿ230 ಎಂಬ ನಿಮ್ರಾಡ್, ಇಂಧನ ತುಂಬಿಸಿಕೊಂಡ ಸ್ವಲ್ಪ ಹೊತ್ತಿಗೆ ಬೆಂಕಿ ಹೊತ್ತಿಕೊಂಡು ಬಿತ್ತು. 14 ಮಂದಿ ಸತ್ತರು. ಸೋರಿದ ಇಂಧನ ಬಿಸಿ ಗಾಳಿಯ ಕೊಳವೆಗೆ ತಾಗಿತ್ತು. ಶತ್ರುವಿನ ಗುಂಡು ಕಾರಣವಲ್ಲ. 2009ರಲ್ಲಿ ಬಂದ ಹ್ಯಾಡನ್-ಕೇವ್ ವರದಿ, ಸುರಕ್ಷತೆಯ ಪರಿಶೀಲನೆ ಹೇಗೆ ಬರೀ ಕಾಗದದ ಕೆಲಸವಾಗಿತ್ತು ಎಂದು ಕಟುವಾಗಿ ಬರೆಯಿತು. 2010ರಲ್ಲಿ ಆ ವಿಮಾನಗಳನ್ನು ಸೇವೆಯಿಂದ ತೆಗೆದರು.

ಅಮೆರಿಕಕ್ಕೆ ಪೆಟ್ಟು ಬೇರೆ ರೀತಿ ಬಿತ್ತು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಪಿ-3ಗಳನ್ನು ಬಿಡುವಿಲ್ಲದೆ ದುಡಿಸಿದರು. 2007ರ ಡಿಸೆಂಬರ್‌ನಲ್ಲಿ ರೆಕ್ಕೆಗಳ ಲೋಹ ದಣಿದಿದೆ ಎಂದು ಒಮ್ಮೆಲೇ 39 ವಿಮಾನಗಳನ್ನು ನೆಲಕ್ಕಿಳಿಸಬೇಕಾಯಿತು. ವಿಮಾನಗಳು ಮೊದಲೇ ಹಳೆಯವು, ಎಲ್ಲ ತಪ್ಪನ್ನೂ ಮರುಭೂಮಿಯ ಮೇಲೆ ಹಾಕಲಾಗದು. ಆದರೂ ಆ ಗಂಟೆಗಳ ದೊಡ್ಡ ಪಾಲು ಅಲ್ಲೇ ಹೋಗಿತ್ತು. ಲೋಹದ ಜತೆಗೆ ವಿದ್ಯೆಯೂ ಸವೆಯಿತು. ಜಲಾಂತರ್ಗಾಮಿಯ ಸದ್ದು ಗುರುತಿಸುವ ಕಿವಿಗೆ ಸದಾ ಅಭ್ಯಾಸ ಬೇಕು. ಒಂದು ಪೀಳಿಗೆಯ ಯುವ ಆಪರೇಟರ್‌ಗಳು ರಸ್ತೆ ನೋಡುವುದರಲ್ಲೇ ವರ್ಷಗಳನ್ನು ಕಳೆದರೆ, ಅವರಿಗೆ ಕಲಿಸುವ ಹಿರಿಯರು ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ. ಹನ್ನೆರಡೇ ವಿಮಾನ ಇಟ್ಟುಕೊಂಡು ಇಡೀ ಹಿಂದೂ ಮಹಾಸಾಗರ ಕಾಯಬೇಕಾದ ನೌಕಾಪಡೆಗೆ ಇದು ಇನ್ನೂ ಬಿಗಿ. ದುರಸ್ತಿಗೆ ಹೋದವನ್ನು ಕಳೆದರೆ ಒಂದು ದಿನ ಹಾರಲು ಸಿಗುವುದು ಅದಕ್ಕಿಂತಲೂ ಕಡಿಮೆ. ಅದರಲ್ಲಿ ಎರಡು ಬೆಟ್ಟದ ಕಡೆ ಹೋದವು ಎಂದರೆ ಸಮುದ್ರದ ಕಡೆ ಅದು ತಕ್ಷಣ ಗೊತ್ತಾಗುತ್ತದೆ.

ಕೊನೆಗೆ ಡ್ರೋನ್. ಭಾರತದ ನೌಕಾಪಡೆ 2020ರ ನವೆಂಬರ್‌ನಲ್ಲಿ ಎರಡು ಎಂಕ್ಯೂ-9ಬಿ ಸೀಗಾರ್ಡಿಯನ್ ಡ್ರೋನ್‌ಗಳನ್ನು ಬಾಡಿಗೆಗೆ ತಂದಿತು. 2024ರ ಅಕ್ಟೋಬರ್‌ನಲ್ಲಿ 31ಕ್ಕೆ ಒಪ್ಪಂದ ಆಯಿತು: ನೌಕಾಪಡೆಗೆ 15, ಭೂಸೇನೆ ಮತ್ತು ವಾಯುಪಡೆಗೆ ತಲಾ ಎಂಟು. ಇದು ಒಂದು ದಿನಕ್ಕೂ ಜಾಸ್ತಿ ಹೊತ್ತು ಗಾಳಿಯಲ್ಲೇ ಇರಬಲ್ಲದು. ಬಿದ್ದರೆ ಯಾರೂ ಸಾಯುವುದಿಲ್ಲ. ಬರೀ ಕಾಯುವ ಕೆಲಸಕ್ಕೆ ಪಿ-8 ಕಳಿಸುವುದು ಇನ್ನು ಮುಂದೆ ದುಂದು ಎಂದೇ ನನ್ನ ಅಭಿಪ್ರಾಯ. ಆದರೆ ಡ್ರೋನ್ ನಿಧಾನ. ಉಪಗ್ರಹ ಸಂಪರ್ಕ ಕೆಡಿಸಿದರೆ ಅದರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ದೊಡ್ಡ ವಿಮಾನಕ್ಕೆ ವಿದ್ಯುತ್ ಜಾಸ್ತಿ, ಹೊರುವ ಉಪಕರಣ ಜಾಸ್ತಿ. ಜತೆಗೆ ಬಂದ ಸಂಕೇತವನ್ನು ಒಬ್ಬ ಕೇಳುತ್ತಿರುವಾಗಲೇ ಪಕ್ಕದವನು ಕ್ಯಾಮೆರಾ ಆ ಕಡೆ ತಿರುಗಿಸಬಲ್ಲ. ಹಾಗಾಗಿ ಎಲ್ಲೋ ದಿಢೀರನೆ ಗಡಿ ಬಿಸಿಯಾಗಿ, ಅಲ್ಲಿ ಏನಿದೆ ಎಂದೇ ಗೊತ್ತಿಲ್ಲದಾಗ ನಾನಾದರೆ ಮೊದಲು ಕಳಿಸುವುದು ಗಸ್ತು ವಿಮಾನವನ್ನೇ. ಮೂರು ಗಂಟೆಯಲ್ಲಿ ದೇಶದ ಆ ತುದಿ ತಲುಪಿ, ಅದೇ ದಿನ ಒಂದು ಒಟ್ಟು ಚಿತ್ರ ಕೊಡುತ್ತದೆ. ಯಾವ ಕಣಿವೆ ನೋಡಬೇಕು ಎಂದು ಗೊತ್ತಾದ ಮೇಲೆ, ತಿಂಗಳುಗಟ್ಟಲೆ ಅದನ್ನೇ ಕಾಯಲು ಡ್ರೋನ್ ಸಾಕು, ಪಿ-8 ಅರಕ್ಕೋಣಂಗೆ ವಾಪಸ್ ಹೋಗಬಹುದು.